ಮೂರನೆಯ ಕೀಲಿ

ಕಾಕಾ ತೀರಿಕೊಂಡರೆಂದು ಫೋನ್ ಬಂದಾಗ ನಾನು ನಂಬಲಿಲ್ಲ. ದುಃಖಕ್ಕೆ ನಂಬಲಿಲ್ಲ ಅಂತಲ್ಲ, ಖಾತ್ರಿಯಾಗಲಿಲ್ಲ ಅಷ್ಟೇ. ಸುದ್ದಿ ಹೇಳಿದವನು ಈ ಮೊದಲೇ ಊರಿನಲ್ಲಿ ಬದುಕಿದ್ದ ಇಬ್ಬರನ್ನು ಬಾಯಲ್ಲೇ ಸಾಯಿಸಿದ ಮಹಾನುಭಾವ. ಇನ್ನೊಬ್ಬರಿಗೆ ಫೋನ್ ಮಾಡಿದೆ. ಅವರೂ ಹೌದೆಂದರು. ನಿಮಗೆ ಯಾರು ಹೇಳಿದರು ಅಂದರೆ ಆ ಮೊದಲಿನವನ ಹೆಸರನ್ನೇ ಹೇಳಿದರು. ಒಂದೇ ಬಾಯಿಂದ ಹೊರಟ ಸುದ್ದಿಯನ್ನು ಇಬ್ಬರು ಹೇಳಿದರೂ ಅದು ಒಂದೇ ಸಾಕ್ಷಿ ಅಂತ ನನಗೆ ಕಲಿಸಿದ್ದು ಕಾಕಾನೇ. ಕೊನೆಗೆ ಅವರ ಮಗಳು ಶಾಂತಾಳಿಗೇ ಫೋನ್ ಹಚ್ಚಿದೆ. "ಹೌದ್ರಿ ಅಣ್ಣಾ, ಮುಂಜಾನೆ ಹ್ವಾದ" ಅಂದಳು. ಅಂಗಡಿಯ ಶಟರ್ ಎಳೆದು ಮಣ್ಣಿಗೆ ಹೊರಟೆ.

ನನ್ನದು ಅಕ್ಕಿಆಲೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ನಮ್ಮೂರು ಅಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸು. ಊರಿನ ಕೆರೆಯ ಕೆಳಗೆ ನಮ್ಮದೂ ಒಂದಿಷ್ಟು ಗದ್ದೆ ಇದೆ, ಕಾಲುವೆಯ ನಟ್ಟನಡುವೆ. ತಲೆಯಲ್ಲೂ ಇಲ್ಲ, ಬಾಲದಲ್ಲೂ ಇಲ್ಲ. ಈ ನಡುವಿನ ಗದ್ದೆಯೇ ನನ್ನ ಕೈಯಿಂದ ಒಂದು ಕೆಟ್ಟ ಕೆಲಸ ಮಾಡಿಸಿತು. ಅದನ್ನು ಆಮೇಲೆ ಹೇಳುತ್ತೇನೆ. ಹೇಳದೆ ತಪ್ಪಿಸಿಕೊಳ್ಳುವ ಹಾಗಿಲ್ಲ ಈಗ.

ಅವರದು ಎತ್ತರದ ಒಣಕಲು ಮೈ. ಬಿಳಿ ಧೋತರ, ತಲೆಗೆ ರುಮಾಲು. ಎಡಗಣ್ಣು ಯಾವಾಗಲೂ ಸ್ವಲ್ಪ ಕಿರಿದಾಗಿರುತ್ತಿತ್ತು. ಯಾರು ಏನು ಕೊಟ್ಟರೂ ಮೊದಲು ತಿರುವಿ ಹಿಂಬದಿ ನೋಡುವುದು ಅವರ ಚಾಳಿ. ಮದುವೆ ಕಾರ್ಡು ಕೊಡಿ, ಹಿಂಬದಿ. ಔಷಧದ ಡಬ್ಬಿ ಕೊಡಿ, ತಳ. ಒಮ್ಮೆ ಬೀಗರ ಮನೆಯಲ್ಲಿ ಹೋಳಿಗೆ ಬಡಿಸಿದರೆ ಅದನ್ನೂ ಮಗುಚಿ ನೋಡಿದರಂತೆ. ಊರಿನ ಹುಡುಗರು ಬೆನ್ನ ಹಿಂದೆ "ಸಂಶೇದ ಕಾಕಾ" ಅನ್ನುತ್ತಿದ್ದರು. ಎದುರಿಗೆ ಎಲ್ಲರಿಗೂ ಕಾಕಾ.

ನನ್ನ ಅಂಗಡಿಯಲ್ಲಿ ಭತ್ತದ ಬೀಜ ಒಯ್ಯುವಾಗ ಅವರದೊಂದು ಪದ್ಧತಿ ಇತ್ತು. ಚೀಲ ಮುಟ್ಟುತ್ತಿರಲಿಲ್ಲ. "ಒಂದ್ ಹಿಡಿ ಕೊಡು ತಮ್ಮಾ, ಚೀಲ ಆಮ್ಯಾಲೆ" ಅನ್ನುವರು. ಆ ಹಿಡಿ ಬೀಜವನ್ನು ಒದ್ದೆ ಅರಿವೆಯಲ್ಲಿ ಕಟ್ಟಿ ಮನೆಯಲ್ಲಿಟ್ಟು, ನಾಲ್ಕನೆಯ ದಿನ ಗಂಟನ್ನು ತಂದು, ಬೇರೆ ಗಿರಾಕಿಗಳೆಲ್ಲ ನಿಂತಿರುವಾಗ ನನ್ನ ಟೇಬಲ್ ಮೇಲೆ ಬಿಚ್ಚುವರು. ಮೊಳೆತದ್ದು ಒಂದು ಕಡೆ, ಮೊಳೆಯದ್ದು ಒಂದು ಕಡೆ. ಒಂದೊಂದೇ ಕಾಳನ್ನು ಉಗುರಿನಿಂದ ಸರಿಸುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಕಾಕಾ, ಇಷ್ಟು ವರ್ಷದಿಂದ ಬರ್ತೀರಿ, ಇನ್ನೂ ನನ್ನ ಮ್ಯಾಲೆ ನಂಬಿಕಿ ಬರ್ಲಿಲ್ಲೇನು?" ಅಂತ ಒಂದು ಸಲ ಸಿಟ್ಟಿನಿಂದಲೇ ಕೇಳಿದೆ.

"ಬಂದೈತೋ. ಬಂದದ್ದಕ್ಕ ನಿನ್ನ ಮುಂದ ಬಿಚ್ಚಾಕತ್ತೇನಿ. ನಂಬಿಕಿ ಇರಲಿಲ್ಲಂದ್ರ ಮನ್ಯಾಗ ಬಿಚ್ಚಿ, ಊರ ತುಂಬ ಹೇಳ್ಕೊಂತ ಅಡ್ಡಾಡ್ತಿದ್ದೆ."

ಆ ಮಾತು ಆಗ ನನಗೆ ತಲೆಹರಟೆ ಅನ್ನಿಸಿತ್ತು.

ಕೆರೆಯ ಹೂಳು ತೆಗೆಸಿ, ತೂಬಿಗೆ ಹೊಸ ಕಬ್ಬಿಣದ ಬಾಗಿಲು, ಅದನ್ನು ಎತ್ತಿಳಿಸಲು ಒಂದು ಚಕ್ರ ಕೂಡಿಸಿದ ವರ್ಷ, ಊರಿನವರೇ ಕೆರೆ ನೋಡಿಕೊಳ್ಳಬೇಕೆಂದು ಸಮಿತಿ ಆಯಿತು. ಕಾಕಾರನ್ನು ಅಧ್ಯಕ್ಷರನ್ನಾಗಿ ಮಾಡಿದೆವು. ಅವರ ಮೇಲೆ ನಂಬಿಕೆ ಇತ್ತೆಂದು ಮಾಡಿದ್ದಲ್ಲ. ಎಲ್ಲರನ್ನೂ ಒಂದೇ ಸಮ ಅನುಮಾನಿಸುವ ಇನ್ನೊಬ್ಬ ಮನುಷ್ಯ ಊರಲ್ಲಿ ಸಿಗಲಿಲ್ಲ. ನನ್ನ ಅಕ್ಷರ ಚಂದ ಅಂತ ಸಭೆಯ ನಿರ್ಣಯ, ಅಂದರೆ ಠರಾವು, ಬರೆಯುವ ಕೆಲಸ ನನಗೆ ಬಂತು. ಹೌದು, ನನ್ನ ಅಕ್ಷರ ನಿಜವಾಗಿಯೂ ಚಂದ. ಶಾಲೆಯಲ್ಲಿ ಹಲಗೆಯ ಮೇಲೆ ದಿನದ ಸುವಿಚಾರ ಬರೆಯಲು ಮಾಸ್ತರರು ನನ್ನನ್ನೇ ಕರೆಯುತ್ತಿದ್ದರು. ಆ ಸೊಕ್ಕು ಇನ್ನೂ ಇಳಿದಿಲ್ಲ.

ಮೊದಲ ಸಭೆಯಲ್ಲೇ ಜಗಳ. ತೂಬಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕುವುದು ಸರಿ, ಕೀಲಿ ಯಾರ ಹತ್ತಿರ? ಅವರು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ಎರಡು ಬೀಗ ಹಾಕೂಣು. ಒಂದ್ ಕೀಲಿ ಈರಣಗೌಡಗ. ಇನ್ನೊಂದು ನೀಲವ್ವಗ. ನನ್ನ ಕಡೆ ಒಂದೂ ಬ್ಯಾಡ."

ಈರಣಗೌಡನ ಗದ್ದೆ ಕಾಲುವೆಯ ತಲೆಗೆ, ತೂಬಿನ ಮಗ್ಗುಲಿಗೆ. ಗಂಡನಿಲ್ಲದ ನೀಲವ್ವನ ಗದ್ದೆ ಬಾಲಕ್ಕೆ, ಕಟ್ಟಕಡೆಗೆ. ಎರಡೂ ಮನೆಗೆ ಒಂದು ಮದುವೆಯ ನಿಶ್ಚಯ ಮುರಿದ ದಿನದಿಂದ ಮಾತಿಲ್ಲ, ಕಥೆಯಿಲ್ಲ. ದಾರಿಯಲ್ಲಿ ಎದುರಾದರೆ ಒಬ್ಬರು ಬದುವಿನ ಕೆಳಗೆ ಇಳಿಯುವಷ್ಟು ಹಗೆ.

"ಅವರಿಬ್ರೂ ಮಾತಾಡೂದಿಲ್ಲಲ್ರಿ ಕಾಕಾ!" ಅಂದೆ ನಾನು.

"ಅದಕ್ಕ! ಮಾತಾಡೋರ ಕೈಯಾಗ ಎರಡು ಕೀಲಿ ಕೊಟ್ರ ಅದು ಒಂದ ಕೀಲಿ. ಬರಕೋ."

ಬರೆದುಕೊಂಡೆ. ನಮ್ಮೂರಿನ ಕೆರೆ ಹತ್ತಾರು ವರ್ಷ ನಡೆದದ್ದು ಈ ಹಗೆಯ ಮೇಲೆ. ನೀರು ಬಿಡುವ ದಿನ ಮುಂಜಾನೆ ಇಬ್ಬರೂ ತೂಬಿನ ಕಟ್ಟೆಗೆ ಬರುವರು. ಗೌಡ ತನ್ನ ಬೀಗ ತೆಗೆದು ಆಕಾಶ ನೋಡುವನು. ನೀಲವ್ವ ತನ್ನ ಬೀಗ ತೆಗೆದು ಕೆರೆ ನೋಡುವಳು. ನಡುವೆ ಕಾಕಾ.

"ಕಾಕಾ, ಅವರಿಗೆ ಹೇಳ್ರಿ, ಮೂರ ಸುತ್ತು ಸಾಕು, ಕಾಲುವಿ ಒಡೀತೈತಿ" ಅನ್ನುವನು ಗೌಡ.

"ಆಕಿ ನಿನ್ನ ಮಗ್ಗಲದಾಗ ನಿಂತಾಳ, ನೀನ ಹೇಳು."

"ನಾ ಹೇಳಾಂವಲ್ಲ."

ಆಗ ಇವರು ನೀಲವ್ವನ ಕಡೆಗೂ ನೋಡದೆ, ಗೌಡನ ಕಡೆಗೂ ನೋಡದೆ, ಆ ಕಬ್ಬಿಣದ ಚಕ್ರಕ್ಕೇ ಹೇಳುವರು: "ಮೂರ ಸುತ್ತು ಸಾಕಂತವಾ." ನೀಲವ್ವ ಚಕ್ರಕ್ಕೇ ಉತ್ತರ ಕೊಡುವಳು: "ನಾಕ ಆಗ್ಲಿ. ಮೂರಕ್ಕ ನನ್ನ ಗದ್ದಿ ಮುಟ್ಟೂದಿಲ್ಲ." ನೋಡುತ್ತ ನಿಂತ ನಮಗೆ ನಗು ತಡೆಯುತ್ತಿರಲಿಲ್ಲ.

ಆಮೇಲೆ ನೀಲವ್ವ ಸಲಿಕೆ ಹೆಗಲಿಗಿಟ್ಟು ನೀರಿನ ಸಂಗಡ ನಡೆಯುವಳು. ಕಾಲುವೆಯಲ್ಲಿ ನೀರಿನ ಮೊದಲ ನಾಲಿಗೆ ಎಲ್ಲಿದೆಯೋ ಅಲ್ಲಿ ಅವಳ ಹೆಜ್ಜೆ. ಅದು ಬಾಲದ ಗದ್ದೆಗೆ ಮುಟ್ಟುವ ತನಕ ನಡುವಿನವರು ಯಾರೂ ತಮ್ಮ ಮಡಿ ಒಡೆದು ನೀರು ತಿರುಗಿಸಿಕೊಳ್ಳುವ ಹಾಗಿಲ್ಲ. ನಡುವಿನವರು ಅಂದರೆ ನಾವು. ಕಣ್ಣೆದುರು ನೀರು ಹರಿದು ಹೋಗುತ್ತಿದ್ದರೂ ಕೈಕಟ್ಟಿ ನಿಲ್ಲಬೇಕು. ಆ ಮುದುಕಿ ನನ್ನ ಬದುವಿನ ಮೇಲೆ ನಡೆದು ಹೋಗುವಾಗ ಒಮ್ಮೊಮ್ಮೆ ನನ್ನ ಕಡೆ ನೋಡುವಳು. ಆ ನೋಟವೂ ಕಾಕಾನೇ ಕಲಿಸಿದ್ದಿರಬೇಕು.

ಕೆರೆಯ ಮೇಲ್ಗಡೆ ಕಾವಲು ಇದೆ, ದನ ಮೇಯುವ ಹುಲ್ಲುಗಾವಲು. ಮಳೆಯ ನೀರು ಅಲ್ಲಿಂದಲೇ ಇಳಿದು ಕೆರೆಗೆ ಬರಬೇಕು. ಒಂದು ಬೇಸಿಗೆ ದೊಡ್ಡ ಕಚೇರಿಯವರು ಯಂತ್ರ ತಂದು ಆ ಕಾವಲಿನ ತುಂಬ ಅಡ್ಡಡ್ಡ ಇಂಗುಗುಂಡಿ ತೋಡಿಸಿದರು. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಆ ಮಳೆಗಾಲ ನಮ್ಮ ಕೆರೆ ಕೋಡಿ ಬೀಳಲಿಲ್ಲ. ಊರೆಲ್ಲ ಕೆಂಡವಾಯಿತು. ಇವರು ಮಾತ್ರ ಕೋಲು ಹಿಡಿದು ಕಾವಲು ಹತ್ತಿ, ಗುಂಡಿ ಗುಂಡಿ ಇಣುಕಿ, ಹಾಗೇ ಮೇಲಿನೂರಿಗೆ ಹೋಗಿ, ಅಲ್ಲಿಯ ಬಾವಿಗಳಲ್ಲಿ ಹಗ್ಗ ಇಳಿಬಿಟ್ಟು ನೋಡಿ, ಸಂಜೆಗೆ ಬಂದರು.

"ಮ್ಯಾಲಿನೂರ ಬಾವ್ಯಾಗ ನೀರ ಬಂದೈತಿ. ನಮ್ಮ ಕೆರ್ಯಾಗ ಕಮ್ಮಿ ಆಗೈತಿ. ಎರಡೂ ಖರೇ" ಅಂದರು.

ಇದೇನು ಮಾತು! ನಮಗೆ ಬೇಕಿದ್ದದ್ದು ಬೈಗುಳ. ಮೇಲಿನೂರಿನವರು ಊಟಕ್ಕೆ ಹಾಕಿ ಬಾಯಿ ಮುಚ್ಚಿಸಿರಬೇಕು ಅಂತ ಕಟ್ಟೆಯ ಮೇಲೆ ಮಾತಾಯಿತು. ನಾನೂ ಹಾಗೇ ಅಂದುಕೊಂಡೆ. ಮುಂದಿನ ಸಭೆಯಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: "ಮ್ಯಾಲಿನವರು ನಮ್ಮನ್ನ ಕೇಳ್ದ ನೀರ ಹಿಡದ್ರು ಅಂತ ಒದರಾಕತ್ತೇವಿ. ನಾವು ತೂಬ ಮುಚ್ಚುವಾಗ ಕೆಳಗಿನೂರವರನ್ನ ಕೇಳೇವೇನು? ಅವರನ್ನೂ ಒಂದ ಸಲ ಕರಿಯೂಣಲ್ಲ." ನಮ್ಮ ಕೆರೆ ಕೋಡಿ ಬಿದ್ದು ಹರಿದ ನೀರೇ ಕೆಳಗಿನೂರಿನ ಕೆರೆಗೆ ಹೋಗುವುದು. ಆ ಊರಿಗೂ ನಮಗೂ ಎತ್ತಿನ ಓಟದಿಂದ ಹಿಡಿದು ಎಲ್ಲದಕ್ಕೂ ತಕರಾರು. ಸಭೆಯಲ್ಲಿ ಎದ್ದು ನಿಂತು ಕೂಗಿದವರಲ್ಲಿ ನಾನೂ ಒಬ್ಬ. ಅವರು ಸುಮ್ಮನೆ ರುಮಾಲು ಸುತ್ತಿಕೊಂಡರು. ಆ ಮಾತನ್ನು ನಾನು ಠರಾವಿನಲ್ಲಿ ಬರೆಯಲೂ ಇಲ್ಲ.

ಆ ವರ್ಷವೇ ಭಾದ್ರಪದದಲ್ಲಿ ಮಳೆ ಕೈಕೊಟ್ಟಿತು. ನನ್ನ ಗದ್ದೆ ಹೊಡೆ ಬಿಚ್ಚಿ ತೆನೆ ಹೊರಡುವ ಹೊತ್ತು. ನೀರು ಬಿಡುವ ದಿನ ಇನ್ನೂ ದೂರ. ಕೆರೆಯಲ್ಲಿ ಎಷ್ಟಿದೆ ನೋಡೋಣ ಅಂತ ಒಂದು ಮುಂಜಾನೆ ಏರಿ ಹತ್ತಿದೆ. ತೂಬಿನ ಕಟ್ಟೆಯ ಮೇಲೆ ಕಾಕಾ ಒಬ್ಬರೇ ಕೂತಿದ್ದಾರೆ! ಸರಪಳಿ ತೊಡೆಯ ಮೇಲಿದೆ, ಒಂದೊಂದೇ ಕೊಂಡಿ ಬೆರಳಲ್ಲಿ ಸರಿಸಿ ನೋಡುತ್ತಿದ್ದಾರೆ. ನನ್ನನ್ನು ಕಂಡು ಸರಪಳಿ ಬಿಟ್ಟರು, ಧೋತರ ಸೊಂಟದ ಮೇಲೆ ಎಳೆದುಕೊಂಡರು. ಆದರೆ ಅಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ. ಅವರ ಉಡದಾರಕ್ಕೆ ಹೊಸ ಹಿತ್ತಾಳೆಯ ಕೀಲಿ ಕಟ್ಟಿತ್ತು.

"ಏನ್ ಕಾಕಾ, ಇಷ್ಟ ಲಗೂನ?"

"ಸರಪಳಿ ನೋಡಾಕ ಬಂದಿದ್ನೆಪಾ. ತುಕ್ಕ ಹಿಡದೈತೇನಂತ."

ಸರಪಳಿಗೆ ತುಕ್ಕು ಹಿಡಿದಿರಲಿಲ್ಲ, ಹೋದ ವರ್ಷವಷ್ಟೇ ಬದಲಿಸಿದ್ದೆವು. ಅಲ್ಲಿಯ ತನಕ ಅವರು ನನಗೆ ಎದುರಿಗೆ ಹೇಳದೆ ಮುಚ್ಚಿಟ್ಟ ಮಾತು ಅದೊಂದೇ. ನಾನು ಎದುರಿಗೆ ಕೇಳದೆ ಬಿಟ್ಟದ್ದೂ ಅದೊಂದೇ. ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ನನಗೆ ಒಳಗೊಳಗೇ ಸಂತೋಷವಾಗಿತ್ತು ಅಂತಲೂ ಹೇಳಿಬಿಡುತ್ತೇನೆ. ಎಲ್ಲರ ಕಾಳನ್ನೂ ಉಗುರಿನಿಂದ ಸರಿಸುವ ಮನುಷ್ಯನ ಸೊಂಟದಲ್ಲಿ ಕಳ್ಳ ಕೀಲಿ! ಎರಡು ಬೀಗಕ್ಕೆ ಮೂರನೆಯ ಕೀಲಿ ಯಾತಕ್ಕೆ? ನನ್ನ ಗದ್ದೆ ಒಣಗುತ್ತಿರುವುದು ಇದಕ್ಕೇ!

ಆಗ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಕೆರೆ, ಕಾವಲುಗಳನ್ನೆಲ್ಲ ಒಂದೇ ವಲಯ ಕಚೇರಿಯ ಕೈಗೆ ಕೊಡುವ ಮಾತು ನಡೆದಿತ್ತು. ಜನರಿಂದ ಅಹವಾಲು ಕರೆದಿದ್ದರು. ನಮ್ಮೂರು ಒಕ್ಕೊರಲಿನಿಂದ "ನಮ್ಮ ಕೆರಿ ನಾವ ನೋಡ್ಕೋತೇವಿ" ಅಂತ ಠರಾವು ಮಾಡಿತ್ತು. ಆ ಠರಾವು ಬರೆದ ಕೈಯಿಂದಲೇ ನಾನು ವಲಯ ಕಚೇರಿಗೆ ಒಂದು ಮೂಗರ್ಜಿ ಬರೆದೆ. ಹೆಸರಿಲ್ಲ, ಸಹಿ ಇಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಮೊದಲು ಎಡಗೈಯಲ್ಲಿ ಬರೆದು ನೋಡಿದೆ. ಕಾಗೆ ಕಾಲು, ಗುಬ್ಬಿ ಕಾಲು. ಅಷ್ಟು ಕೆಟ್ಟ ಅಕ್ಷರ ನನ್ನ ಹೆಸರಿಲ್ಲದೆಯೂ ಹೊರಗೆ ಹೋಗಬಾರದು ಅನ್ನಿಸಿತು. ಹರಿದು ಹಾಕಿ ಬಲಗೈಯಲ್ಲಿ ದುಂಡಗೆ ಬರೆದೆ. ಅಧ್ಯಕ್ಷರ ಬಳಿ ಮೂರನೆಯ ಕೀಲಿ ಇದೆ, ಊರಿನವರಿಗೆ ತಿಳಿಯದಂತೆ ತೂಬು ತೆಗೆಯುತ್ತಾರೆ, ತನಿಖೆ ಆಗಬೇಕು. ಅಕ್ಕಿಆಲೂರಿನ ಟಪಾಲು ಮುದ್ರೆ ಬಿದ್ದರೆ ಗುರುತು ಸಿಕ್ಕೀತೆಂದು ಹಾನಗಲ್ಲಿಗೆ ಹೋಗಿ ಡಬ್ಬಿಗೆ ಹಾಕಿ ಬಂದೆ. ಎಂಥ ಶಾಣ್ಯಾ ನಾನು!

ಒಂದು ತಿಂಗಳ ಮೇಲೆ ಹಾನಗಲ್ಲಿನಲ್ಲಿ ಸಭೆ. ನಾಲ್ಕೂ ತಾಲೂಕಿನಿಂದ ಜನ. ನಮ್ಮೂರಿನಿಂದ ಕಾಕಾ, ಗೌಡ, ನೀಲವ್ವ, ನಾನು. ವಲಯ ಕಚೇರಿಯ ಅಧಿಕಾರಿ ಇನ್ನೂ ಎಳೆಯ ವಯಸ್ಸಿನವರು, ಬೇರೆ ಕಡೆಯವರು. ಮೆತ್ತಗೆ ಮಾತಾಡುತ್ತಿದ್ದರು. ಮೆತ್ತಗೆ ಮಾತಾಡುವ ಅಧಿಕಾರಿ ಅಂದರೆ ನಮ್ಮ ಜನಕ್ಕೆ ಇನ್ನೂ ಹೆಚ್ಚು ಸಂಶಯ. ಕೋಟೆಯೊಳಗೆ ನವಿಲುಧಾಮ ಇರುವ ಬಂಕಾಪುರದ ಒಬ್ಬರು ಎದ್ದು ನಿಂತು, "ಕ್ವಾಟಿ ಒಳಗಿದ್ರ ನವಿಲು ಸರಕಾರದ್ದು. ನಮ್ಮ ಹೊಲದಾಗ ಶೇಂಗಾ ತಿನ್ನಾಕ ಬಂದ್ರ ಯಾರದ್ರಿ? ಅದನ್ನ ಮೊದ್ಲ ಹೇಳ್ರಿ, ಆಮ್ಯಾಲೆ ನಮ್ಮ ಕೆರಿ ಕೇಳ್ರಿ" ಅಂದಾಗ ಸಭೆಯೆಲ್ಲ ಚಪ್ಪಾಳೆ.

ಅಧಿಕಾರಿ ನಕ್ಕರು. ಆಮೇಲೆ ಅಂದರು: "ನಿಮ್ಮ ಕೆರೆ ನಿಮ್ಮದೇ. ಆದರೆ ನೀರು ಊರಿನ ಗಡಿ ನೋಡಿ ನಿಲ್ಲುವುದಿಲ್ಲ. ಮೇಲಿನವರು ಹಿಡಿದರೆ ನಿಮಗಿಲ್ಲ, ನೀವು ಹಿಡಿದರೆ ಕೆಳಗಿನವರಿಗಿಲ್ಲ. ಎಲ್ಲರನ್ನೂ ಒಟ್ಟಿಗೆ ನೋಡುವವರು ಒಬ್ಬರು ಬೇಡವೇ?"

ಕಾಕಾ ಎದ್ದು ನಿಂತರು. "ಬೇಕ್ರಿ ಸಾಹೇಬ್ರ. ನಿಮ್ಮ ಮಾತು ಖರೇ ಐತಿ. ಆದ್ರ ನೋಡಾಂವ ಕಚೇರ್ಯಾಗ ಕುಂತಿರಬಾರ್ದು, ತೂಬಿನ ಮುಂದ ನಿಂತಿರಬೇಕು. ನಮ್ಮ ತೂಬಿಗೆ ಎರಡು ಬೀಗ ಅದಾವ. ಮೂರನೇದು ಹಾಕೂಣಂತ ತಂದೇನಿ." ಧೋತರದ ಅಂಚು ಸರಿಸಿ ಉಡದಾರದಿಂದ ಆ ಹಿತ್ತಾಳೆ ಕೀಲಿ ಬಿಚ್ಚಿ ಅಧಿಕಾರಿಗಳ ಟೇಬಲ್ ಮೇಲೆ ಇಟ್ಟರು. "ಇದು ಕೆಳಗಿನೂರವರ ಕೈಗೆ. ಅವರ ಮನಷ್ಯಾ ಬರಲಾರ್ದ ನಮ್ಮ ತೂಬ ತೆರಿಯೂದೂ ಇಲ್ಲ, ಮುಚ್ಚೂದೂ ಇಲ್ಲ. ಊರಾಗ ಇನ್ನೂ ಒಪ್ಪಿಲ್ಲರಿ. ಸರಪಳಿಗೆ ಮೂರನೇ ಬೀಗ ಹಿಡಸ್ತೈತೋ ಇಲ್ಲೋ ಅಂತ ಮೊದಲ ನಾನ ನೋಡಿ ಬಂದೇನಿ. ಹಿಡಸ್ತೈತಿ."

ನಾನು ಮುಂದೆ ಕೂತವರ ಬೆನ್ನ ಹಿಂದೆ ಸರಿದೆ.

ಅಧಿಕಾರಿ ಕೀಲಿಯನ್ನು ನೋಡಿದರು. ಆಮೇಲೆ ಒಂದು ಕಾಗದದ ಕಟ್ಟು ಬಿಚ್ಚಿದರು. "ಹಿರಿಯರೇ, ನೀವು ಹೇಳಿದ್ದು ಚೆನ್ನಾಗಿದೆ. ಆದರೆ ನಿಮ್ಮ ಒಂದು ಊರಿನಿಂದಲೇ ಒಂಬತ್ತು ಅರ್ಜಿ ಬಂದಿವೆ. ಒಂದಕ್ಕೂ ಸಹಿ ಇಲ್ಲ. ಒಬ್ಬರು ಗೌಡರ ಮೇಲೆ ಬರೆದಿದ್ದಾರೆ, ಒಬ್ಬರು ಈ ತಾಯಿಯ ಮೇಲೆ, ಒಬ್ಬರು ನಿಮ್ಮ ಮೇಲೆ. ಕೇಳಿ." ನನ್ನ ಅರ್ಜಿಯನ್ನು ಓದಿದರು. ಅಧ್ಯಕ್ಷರ ಬಳಿ ಮೂರನೆಯ ಕೀಲಿ ಇದೆ. ಊರಿನವರಿಗೆ ತಿಳಿಯದಂತೆ. ತನಿಖೆ ಆಗಬೇಕು. ಓದಿ ಮುಗಿಸಿ, "ನಿಮ್ಮಲ್ಲೇ ಒಬ್ಬರನ್ನೊಬ್ಬರು ನಂಬದಿರುವಾಗ ಕೀಲಿಯನ್ನು ನಾನು ಯಾರ ಕೈಯಲ್ಲಿ ಬಿಡಲಿ?" ಅಂದರು. ಕೆರೆ ಇನ್ನು ಕಚೇರಿಯ ಕೈಯಲ್ಲೇ ಇರಲಿ ಅಂತಲೂ ಹೇಳಿದರು. ಗೌಡ ನೆಲ ನೋಡುತ್ತಿದ್ದ. ನೀಲವ್ವ ಸೆರಗಿನ ಅಂಚು ನೋಡುತ್ತಿದ್ದಳು. ನನಗೆ ಆಗ ಹೊಳೆಯಿತು, ಆ ಒಂಬತ್ತೂ ನಮ್ಮವೇ.

"ಒಂದೀಟ ಇತ್ತ ಕೊಡ್ರಿ" ಅಂದರು ಇವರು. ಅಧಿಕಾರಿ ನನ್ನ ಅರ್ಜಿಯನ್ನು ಕೊಟ್ಟರು. ಮೊದಲು ಹಿಂಬದಿ ನೋಡಿದರು. ಆಮೇಲೆ ತಿರುವಿ ಮುಂದಿನದು. ಅವರು ಓದಿದರೋ, ಬರೀ ಅಕ್ಷರ ನೋಡಿದರೋ ಹೇಳಲಾರೆ. ಆ ಅಕ್ಷರವನ್ನು ಠರಾವಿನ ಪುಸ್ತಕದಲ್ಲಿ ಅವರು ಎಷ್ಟು ವರ್ಷ ನೋಡಿ ಸಹಿ ಹಾಕಿದ್ದರು! ಕಾಗದವನ್ನು ಮಡಿಚಿದ್ದ ಗೆರೆಯ ಮೇಲೇ ಮಡಿಚಿ ವಾಪಸು ಕೊಟ್ಟರು.

"ಅಕ್ಷರ ಭಾಳ ಚಂದ ಅದಾವ್ರಿ" ಅಂದರು. ಕೀಲಿ ತೆಗೆದುಕೊಂಡು ಉಡದಾರಕ್ಕೆ ಕಟ್ಟಿಕೊಂಡರು.

ಬಸ್ಸಿನಲ್ಲಿ ನಾಲ್ವರೂ ನಾಲ್ಕು ಕಡೆ ಕೂತು ಬಂದೆವು. ಅಕ್ಕಿಆಲೂರಿನಲ್ಲಿ ಇಳಿದಾಗ ಇವರು ನನಗೆ ಚಹಾ ಕುಡಿಸಿದರು. ನಾನು ಕಾದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ. ಅವರು ಬಸಿಯ ತಳ ನೋಡಿ ಚಹಾ ಕುಡಿದು, "ನಾಳೆ ಠರಾವು ಬರಿಯೂದೈತಿ. ಕೆರಿ ವಲಯ ಕಚೇರಿಗೆ ಬಿಟ್ಟು ಕೊಟ್ಟೇವಂತ. ಚಂದಾಗಿ ಬರಿ" ಅಂದರು. ಬರೆದೆ.

ಆಮೇಲಿನ ವರ್ಷಗಳಲ್ಲಿ ತೂಬು ತೆಗೆಯಲು ಕಚೇರಿಯಿಂದ ಬೈಕಿನ ಮೇಲೆ ಒಬ್ಬ ಬರುತ್ತಿದ್ದ. ನಾಲ್ಕೂ ತಾಲೂಕಿಗೆ ಒಂದೇ ವೇಳಾಪಟ್ಟಿ. ಅವನ ಮೊಬೈಲಿಗೆ ಮೇಲಿನಿಂದ ಸಂದೇಶ ಬಂದರೆ ತೆಗೆಯುವನು, ಬಂದರೆ ಮುಚ್ಚುವನು. ಒಮ್ಮೆ ಜೋರು ಮಳೆಯಲ್ಲಿ ನೆನೆಯುತ್ತ ನೀರು ಬಿಟ್ಟು ಹೋದ. ಸುಳ್ಳು ಯಾಕೆ ಹೇಳಲಿ, ಕೆಳಗಿನೂರಿಗೆ ಮೊದಲಿಗಿಂತ ಚೆನ್ನಾಗಿ ನೀರು ಹೋಯಿತು. ನನ್ನ ನಡುವಿನ ಗದ್ದೆಗೂ ಸುಖವಾಯಿತು, ಯಾಕೆಂದರೆ ನೀರಿನ ಸಂಗಡ ನಡೆಯುವವರು ಯಾರೂ ಇರಲಿಲ್ಲ. ನಡುವಿನವರೆಲ್ಲ ಮಡಿ ಒಡೆದುಕೊಂಡೆವು. ನೀಲವ್ವ ಒಂದು ವರ್ಷ ಕಾದಳು, ಎರಡು ವರ್ಷ ಕಾದಳು. ಮೂರನೆಯ ವರ್ಷ ತಲೆತಲಾಂತರದಿಂದ ಭತ್ತ ಬೆಳೆದ ಗದ್ದೆಗೆ ಗೋವಿನಜೋಳ ಹಾಕಿದಳು. ಬೀಜ ಒಯ್ಯಲು ನನ್ನ ಅಂಗಡಿಗೇ ಬಂದಿದ್ದಳು. "ಸಮಿತಿ ಇದ್ದಾಗ ಛಲೋ ಇತ್ತು" ಅಂದಳು. ನಾನು ಚೀಲ ಹೊಲಿಯುವ ದಾರ ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಮೂಗರ್ಜಿ ನನ್ನದೆಂದು ಕಾಕಾಗೆ ಗೊತ್ತಿತ್ತೇ? ಈ ಒಂದು ಪ್ರಶ್ನೆ ನನ್ನನ್ನು ಇಷ್ಟು ವರ್ಷ ತಿಂದಿತು. ಒಂದು ಸಲ ಪರೀಕ್ಷೆ ಮಾಡೋಣ ಅಂತ, ಅವರ ಬೆಳೆಗೆ ಹೊಡೆಯುವ ಔಷಧದ ಹೆಸರನ್ನು ಬೇಕಂತಲೇ ಸೊಟ್ಟ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಕೊಟ್ಟೆ. ಹಿಂಬದಿ ನೋಡಿದರು. ಮುಂಬದಿ ನೋಡಿದರು. "ಯಾಕ ತಮ್ಮಾ, ಕೈ ನೋವೇನು?" ಅಂದರು. ಅಷ್ಟೇ. ಆ ಕಿರಿದಾದ ಎಡಗಣ್ಣು ನಕ್ಕಿತೋ ಇಲ್ಲವೋ ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಈ ವರ್ಷ ವಲಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಕೆರೆಯನ್ನು ಮರಳಿ ನೋಡಿಕೊಳ್ಳುತ್ತೇವೆ ಅನ್ನುವ ಊರಿನವರು, ಕೆಳಗಿನೂರಿನ ಒಪ್ಪಿಗೆ ಪಡೆದು, ಕಾಲುವೆಯ ಎಲ್ಲ ರೈತರ ಸಹಿ ಇರುವ ಅರ್ಜಿ ಕೊಟ್ಟರೆ ಕೊಡುತ್ತೇವೆ ಅಂತ. ಮುಂಗಾರಿನ ಮೊದಲು ಕೊಡಬೇಕು. ಊರಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ಸಹಿ ಅಂದಾಗ ಮಾತ್ರ ಯಾರೂ ಮುಂದೆ ಬರಲಿಲ್ಲ. ಮೊದಲು ಸಹಿ ಮಾಡಿದವನಿಗೆ ಇದರಲ್ಲಿ ಏನೋ ಲಾಭ ಇರಬೇಕು ಅನ್ನುವುದು ಎಲ್ಲರ ಅನುಮಾನ. ಕಾಕಾ ಆಗಲೇ ಹಾಸಿಗೆ ಹಿಡಿದಿದ್ದರು. ನಾನು ಎರಡು ಸಲ ನೋಡಲು ಹೋಗಿದ್ದೆ. ಕೆರೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೆಯ ಸಲ ತಂದಿದ್ದ ಮೂಸಂಬಿಯನ್ನು ಕೈಯಲ್ಲಿ ಹಿಡಿದು, ತೊಟ್ಟಿನ ಕಡೆ ತಿರುವಿ ನೋಡಿ, ತಲೆದಿಂಬಿನ ಮಗ್ಗುಲಿಗೆ ಇಟ್ಟುಕೊಂಡರು.

ಮಣ್ಣಾದ ಐದನೆಯ ದಿನ ಶಾಂತಾ ಫೋನ್ ಮಾಡಿದಳು. "ಅಣ್ಣಾ, ಒಂದ್ ಸಲ ಮನೀಗಿ ಬರ್ರಿ. ಅಪ್ಪ ಒಂದ್ ಕೆಲಸ ಹೇಳಿಟ್ಟು ಹೋಗ್ಯಾನ." ಹೋದೆ. ಪಡಸಾಲೆಯ ಆ ತುದಿಗೆ ಈರಣಗೌಡ, ಈ ತುದಿಗೆ ನೀಲವ್ವ. ನಡುವೆ ಒಂದು ಮಣೆ, ಅದರ ಮೇಲೆ ಬಿಳಿ ಹಾಳೆ, ಪೆನ್ನು. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಅದರ ಮೇಲೆ ಆ ಹಿತ್ತಾಳೆಯ ಕೀಲಿ.

"ಇವರನ್ನೂ ಅಪ್ಪನ ಕರಸು ಅಂದಿದ್ದ. ಕೆಳಗಿನೂರವರು ಮೊನ್ನೆ ಮಣ್ಣಿಗೆ ಬಂದಾಗ ಒಪ್ಪೇವಿ ಅಂದಾರ್ರಿ" ಅಂದಳು ಶಾಂತಾ. "ಅರ್ಜಿ ಮಾತ್ರ ನಿಮ್ಮ ಕೈಲೇ ಬರಸಬೇಕಂತ. ಅಣ್ಣನ ಅಕ್ಷರ ಆ ಕಚೇರಿಯವ್ರಿಗೆ ಗುರುತೈತಿ, ಅಂತ ಅಂದಾನ."

"ಮತ್ತೇನಂದ್ರು?" ಅಂದೆ.

"ಈ ಸಲ ಸಹಿ ಮರೀಬ್ಯಾಡ ಅಂತ ಹೇಳು, ಅಂದ."

ಮುದುಕ ಬಲು ಗಟ್ಟಿ. ಎಲ್ಲ ಗೊತ್ತಿತ್ತು. ಚಹಾ ಕುಡಿಸಿದ ದಿನವೂ ಗೊತ್ತಿತ್ತು, ಚೀಟಿ ನೋಡಿದ ದಿನವೂ ಗೊತ್ತಿತ್ತು. ಊರಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ನಾನೇ ಬಂದು ಗಂಟು ಬಿಚ್ಚುತ್ತೇನೇನೋ ಅಂತ ಇಷ್ಟು ವರ್ಷ ದಾರಿ ನೋಡಿದ್ದಾರೆ. ನಾನು ಬಿಚ್ಚಲಿಲ್ಲ. ಕಣ್ಣು ತುಂಬಿ ಬಂತು. ನಾಚಿಕೆಗೋ ದುಃಖಕ್ಕೋ ಗೊತ್ತಾಗಲಿಲ್ಲ. ಕೀಲಿ ಸರಿಸಿ, ಹಾಳೆ ತೆಗೆದುಕೊಂಡು ಬರೆಯಲು ಕೂತೆ.

ನಾಲ್ಕು ಸಾಲು ಬರೆಯುವಷ್ಟರಲ್ಲಿ ಗೌಡ ಹತ್ತಿರ ಸರಿದು ಬಗ್ಗಿ ನೋಡಿದ. ಹಾನಗಲ್ಲಿನಲ್ಲಿ ಅಧಿಕಾರಿಯ ಟೇಬಲ್ಲಿನ ಮುಂದೆ ಅವನೂ ನಿಂತಿದ್ದನಲ್ಲ. "ತಡೀರಿ, ಈ ಅಕ್ಷರ ನಾ ಎಲ್ಲೋ ನೋಡೇನಿ" ಅಂದ.

ಆ ತುದಿಯಿಂದ ನೀಲವ್ವ ಬಾಯಿ ಬಿಟ್ಟಳು. ಚಕ್ರಕ್ಕಲ್ಲ, ಗೋಡೆಗಲ್ಲ, ನೇರ ಅವನಿಗೇ. "ಗೌಡ್ರ, ಸುಮ್ಕ ಕುಂದರ್ರಿ. ನಿಮ್ಮ ಅಕ್ಷರಾನೂ ಆ ಕಟ್ಟಿನ್ಯಾಗ ಇತ್ತು. ನಾನೂ ಬರಸಿದ್ದೆ."

ಗೌಡ ಕೂತ. ಇಷ್ಟು ವರ್ಷದ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು. ನನಗೆ ಆ ಹೊತ್ತಿನಲ್ಲೂ ಸಂಶಯವೇ ಬಂತು ನೋಡಿ. ಇವರಿಬ್ಬರೂ ಮಾತಾಡಲು ಹತ್ತಿದರೆ ಎರಡು ಕೀಲಿ ಒಂದೇ ಆಯಿತಲ್ಲ, ಇನ್ನು ಮೂರನೆಯದನ್ನು ಕೆಳಗಿನೂರಿಗೆ ಬೇಗ ಮುಟ್ಟಿಸಬೇಕು ಅಂದುಕೊಂಡೆ.

ಅರ್ಜಿ ಮುಗಿಸಿದೆ. ಕೆಳಗೆ ಎಲ್ಲರಿಗಿಂತ ಮೊದಲು ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಊರು ಬರೆದು ಸಹಿ ಮಾಡಿದೆ. ಶಾಂತಾ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಓದಲಿಲ್ಲ. ಮೊದಲು ತಿರುವಿ ಹಿಂಬದಿ ನೋಡಿದಳು.